ಕಡಲ ಬದಿಯ ಹಳೆ ಮನೆಗೆ ಇನ್ಸುಲೇಷನ್: ಮೊದಲು ಒಣಗಿಸಿ, ಆಮೇಲೆ ಹೊದಿಸಿ

ಇನ್ಸುಲೇಷನ್, ಅಂದರೆ ಬಿಸಿ ತಡೆಯುವ ಹೊದಿಕೆ, ಹಾಕಿ ಕಡಲ ಬದಿಯ ಹಳೆ ಮನೆಯ ಸೆಕೆ ತಡೆಯಲು ಹೊರಟವರು ಮೊದಲು ಕೇಳುವುದು, ಯಾವ ಶೀಟು ಒಳ್ಳೆಯದು, ಎಷ್ಟು ದಪ್ಪ ಬೇಕು ಎಂದು. ನಿಜಕ್ಕೂ ಅದು ಮೂರನೆಯ ಪ್ರಶ್ನೆ. ಮೊದಲು ತಿಳಿಯಬೇಕಾದ್ದು ಮನೆಯೊಳಗೆ ನೀರು ಎಲ್ಲಿಂದ ಬರುತ್ತಿದೆ ಎಂಬುದು. ಎರಡನೆಯದು, ಬಂದ ನೀರು ಯಾವ ಕಡೆಯಿಂದ ಆರುತ್ತಿದೆ ಎಂಬುದು. ಇವೆರಡು ತಿಳಿಯದೆ ಗೋಡೆಗೋ ಮಾಡಿಗೋ ಏನಾದರೂ ಹೊದಿಸಿದರೆ ಸೆಕೆ ಸ್ವಲ್ಪ ಕಡಿಮೆಯಾದೀತು, ಆದರೆ ಹೊದಿಕೆಯ ಹಿಂದೆ ಪಕ್ಕಾಸು (ಮಾಡನ್ನು ಹೊತ್ತ ಇಳಿಜಾರು ಮರ) ಕುಂಬಾಗುತ್ತಾ ಹೋಗುತ್ತದೆ. ಹಳೆಯ ಮನೆಗಳು ಇಷ್ಟು ವರ್ಷ ಉಳಿದಿರುವುದೇ ಒದ್ದೆಯಾದದ್ದು ಮತ್ತೆ ಆರಲು ಅವಕಾಶವಿದ್ದುದರಿಂದ.

ಇಲ್ಲಿ ಹೇಳುವುದು ಮುಖ್ಯವಾಗಿ ಸೆಕೆಯ, ತೇವದ ಕರಾವಳಿಯ ಮನೆಗಳ ವಿಷಯ. ಚಳಿ ಪ್ರದೇಶದ ಕಡಲ ತೀರದಲ್ಲಿ ಕೆಲವು ಪದರಗಳ ಕ್ರಮ ತಿರುಗುಮುರುಗಾಗುತ್ತದೆ. ಅದನ್ನು ಗೋಡೆಯ ಭಾಗದಲ್ಲಿ ನೋಡೋಣ.

ಯಾವ ಕೋಣೆಗೆ ಎ.ಸಿ., ಯಾವುದಕ್ಕೆ ಗಾಳಿ

ಇದನ್ನು ಕಾಗದದ ಮೇಲೆ ಬರೆದುಕೊಂಡೇ ಮುಂದುವರಿಯಿರಿ. ಕಿಟಕಿ ತೆರೆದಿಟ್ಟು ಬದುಕುವ ಕೋಣೆಗೆ ಬೇಕಾದ್ದು ಮೇಲಿನ ಬಿಸಿಗೆ ತಡೆ ಮತ್ತು ಧಾರಾಳ ಗಾಳಿ. ಎ.ಸಿ. ಹಾಕುವ ಕೋಣೆಗೆ ಬೇಕಾದ್ದು ತಡೆ, ಸಂದುಗಳೆಲ್ಲ ಮುಚ್ಚಿರುವುದು ಮತ್ತು ಹೊರಗಿನ ತೇವ ಒಳಗೆ ನುಗ್ಗದಂತೆ ಒಂದು ಪದರ. ಇಡೀ ಮನೆಯನ್ನು ಅರ್ಧಂಬರ್ಧ ಮುಚ್ಚಿದರೆ ಗಾಳಿಯೂ ಇಲ್ಲ, ತಂಪೂ ಇಲ್ಲ.

ಎ.ಸಿ. ಕೋಣೆಯ ಅಪಾಯ ಅಂಕಿಯಲ್ಲಿ ಸ್ಪಷ್ಟವಾಗುತ್ತದೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ. 80 ಇದ್ದರೆ ಆ ಗಾಳಿ ಸುಮಾರು 26 ಡಿಗ್ರಿಗೆ ತಣಿದೊಡನೆ ಹನಿ ಕಟ್ಟುತ್ತದೆ. ಒಳಗೆ 24 ಡಿಗ್ರಿಗೆ ಇಟ್ಟರೆ ಗೋಡೆ ಅಥವಾ ಸೀಲಿಂಗಿನ ದಪ್ಪದೊಳಗೆ ಎಲ್ಲೋ ಒಂದು ಕಡೆ 26 ಡಿಗ್ರಿಯ ಜಾಗ ಇದ್ದೇ ಇರುತ್ತದೆ. ಹೊರಗಿನ ಗಾಳಿ ಅಲ್ಲಿಗೆ ತಲುಪಿದರೆ ನೀರಾಗುತ್ತದೆ. ಹೀಗಾಗಿ ಆವಿ ತಡೆಯುವ ಪದರ ಯಾವಾಗಲೂ ಬೆಚ್ಚಗಿನ ಬದಿಗೆ, ಅಂದರೆ ಇಲ್ಲಿ ಹೊರಬದಿಗೆ ಇರಬೇಕು. ಎ.ಸಿ. ಕೋಣೆಯ ಒಳಗೋಡೆಗೆ ವಿನೈಲ್ ವಾಲ್‌ಪೇಪರ್ ಅಥವಾ ಪ್ಲಾಸ್ಟಿಕ್ ಶೀಟು ಅಂಟಿಸಿದಾಗ ಅದರ ಹಿಂದೆ ಕಪ್ಪು ಬೂಷ್ಟು ಹಿಡಿಯುವುದು ಇದೇ ಕಾರಣಕ್ಕೆ.

ತೇವದ ತಪಾಸಣೆ

ಬೇಕಾದ ಉಪಕರಣ ಹೆಚ್ಚಿಲ್ಲ: ಎರಡು ಮುಳ್ಳಿನ ತೇವಮಾಪಕ, ಆರ್ದ್ರತೆ ತೋರಿಸುವ ಸಣ್ಣ ಡಿಜಿಟಲ್ ಥರ್ಮಾಮೀಟರ್, ಒಂದು ಸ್ಕ್ರೂಡ್ರೈವರ್, ಟಾರ್ಚು, ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಸಾಧ್ಯವಾದರೆ ಮಳೆ ಬೀಳುತ್ತಿರುವಾಗಲೇ ಅಟ್ಟ ಹತ್ತಿ ನೋಡಿ. ಬೇಸಿಗೆಯಲ್ಲಿ ನೋಡಿದರೆ ಕಲೆ ಕಾಣುತ್ತದೆ, ಹನಿ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ.

ಒದ್ದೆ ಗೋಡೆಯ ಮೇಲೆ 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಒಂದು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿನದು. ಮುಂಬದಿಯಲ್ಲಿ ಕಟ್ಟಿದ್ದರೆ ಅದು ಕೋಣೆಯ ಗಾಳಿಯದು. ಒಳಗಿನದಾದರೆ ಎತ್ತರ ಗಮನಿಸಿ. ನೆಲದಿಂದ ಸುಮಾರು ಒಂದು ಮೀಟರಿನವರೆಗೆ ಅಡ್ಡಪಟ್ಟಿಯಂತೆ ತೇವವಿದ್ದರೆ ಅಡಿಪಾಯದಿಂದ ಏರುತ್ತಿದೆ. ಕಿಟಕಿಯ ಮೂಲೆಯಿಂದ ಇಳಿದಂತಿದ್ದರೆ ಮಳೆ ನೀರು. ಬಚ್ಚಲಿನ ಗೋಡೆಯ ಹಿಂಬದಿಯಲ್ಲಿ ಮಾತ್ರ ಇದ್ದರೆ ಪೈಪು.

ಇವ್ಯಾವುದೂ ಅಲ್ಲದ ಇನ್ನೊಂದು ಬಗೆ ಕಡಲ ಬದಿಯಲ್ಲಿ ಉಂಟು. ಸಾಮಾನ್ಯ ಉಪ್ಪು ಗಾಳಿಯ ಆರ್ದ್ರತೆ ಸುಮಾರು ಶೇ. 75 ದಾಟಿದಾಗ ತಾನಾಗಿಯೇ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಷಿಯಂ ಕ್ಲೋರೈಡ್ ಇನ್ನೂ ಆಸೆಬುರುಕ, ಅದಕ್ಕೆ ಶೇ. 33ರಷ್ಟು ಆರ್ದ್ರತೆ ಸಾಕು. ವರ್ಷಗಟ್ಟಲೆ ಉಪ್ಪುಗಾಳಿ ಕುಡಿದ ಗೋಡೆ, ಅಥವಾ ತೊಳೆಯದ ಸಮುದ್ರ ಮರಳಿನಿಂದ ಕಟ್ಟಿದ ಗೋಡೆ, ಎಲ್ಲೂ ಸೋರಿಕೆ ಇಲ್ಲದೆಯೂ ಮಳೆಗಾಲದಲ್ಲಿ ಬೆವರುತ್ತದೆ. ಬಿಸಿಲು ಬಂದಾಗ ಅದೇ ಉಪ್ಪು ಹರಳುಗಟ್ಟಿ ಗಾರೆಯ ರಂಧ್ರದೊಳಗೆ ಒತ್ತುತ್ತದೆ. ಗಾರೆ ಪುಡಿಯಾಗಿ ಉದುರುತ್ತದೆ. ಇಂಥ ಗೋಡೆಯ ಉಪ್ಪನ್ನು ನೀರು ಸುರಿದು ತೊಳೆಯಬಾರದು, ಕರಗಿ ಇನ್ನಷ್ಟು ಒಳಗೆ ಹೋಗುತ್ತದೆ. ಒಣಗಿದ ದಿನ ಗಟ್ಟಿ ಬ್ರಷ್ಷಿನಿಂದ ಕೆರೆದು, ಪುಡಿಯನ್ನು ಗೋಡೆಯ ಬುಡದಲ್ಲಿ ಬಿಡದೆ ಗುಡಿಸಿ ಹೊರಗೆ ಹಾಕಿ. ತೇವಮಾಪಕವೂ ಉಪ್ಪಿನ ಗೋಡೆಯಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಅಂಕಿ ನೋಡಿ ಗಾಬರಿಯಾಗಬೇಡಿ.

ಮರದ ವಿಷಯದಲ್ಲಿ ಅಂಕಿಯನ್ನು ನಂಬಬಹುದು. ಪಕ್ಕಾಸು, ತೊಲೆ, ಗೋಡೆಯ ಮೇಲೆ ಮಲಗಿರುವ ಮರ, ಇವುಗಳಲ್ಲಿ ತೇವ ಶೇ. 18ರ ಒಳಗಿರಬೇಕು. ಶೇ. 20 ದಾಟಿ ಹಾಗೆಯೇ ಉಳಿದರೆ ಶಿಲೀಂಧ್ರಕ್ಕೆ ಆಹ್ವಾನ. ಗೋಡೆಯೊಳಗೆ ಹುದುಗಿರುವ ತುದಿಗಳಲ್ಲೇ ಮೊದಲು ಕುಂಬಾಗುವುದು, ಹಾಗಾಗಿ ಅಲ್ಲೇ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಬಡಗಿಯ ಕೆಲಸ ಮೊದಲು, ಇನ್ಸುಲೇಷನ್ ಆಮೇಲೆ.

ಇನ್ನೆರಡು ಮಾತು. ಮಾಡಿನಲ್ಲಿ ಹಳೆಯ ಸಿಮೆಂಟ್ ಶೀಟು ಇದ್ದರೆ ಅದರಲ್ಲಿ ಕಲ್ನಾರು ಇದೆಯೆಂದೇ ಭಾವಿಸಿ. ಪರೀಕ್ಷೆ ಮಾಡಿಸದೆ ಕೊರೆಯುವುದು, ಕತ್ತರಿಸುವುದು, ಉಜ್ಜುವುದು ಬೇಡ. ಅಟ್ಟದಲ್ಲಿ ಬಟ್ಟೆ ಅಥವಾ ರಬ್ಬರ್ ಹೊದಿಕೆಯ ಹಳೆ ವೈರಿಂಗ್ ಇದ್ದರೆ ಬದಲಿಸಿಯೇ ಮುಂದುವರಿಯಿರಿ, ಏಕೆಂದರೆ ಉಣ್ಣೆಯಂಥ ಪದರದ ಕೆಳಗೆ ಹೂತ ವೈರಿನ ಬಿಸಿ ಹೊರಹೋಗುವುದಿಲ್ಲ.

ಎಷ್ಟು ದಪ್ಪ ಬೇಕು

ಶಾಖ ತಡೆಯುವ ಶಕ್ತಿಯನ್ನು ಲೆಕ್ಕ ಹಾಕುವುದು ಸುಲಭ: ದಪ್ಪವನ್ನು ಮೀಟರಿನಲ್ಲಿ ಬರೆದು, ವಸ್ತುವಿನ ಉಷ್ಣವಾಹಕತೆಯಿಂದ ಭಾಗಿಸಿ. ಥರ್ಮಾಕೋಲಿನ ವಾಹಕತೆ 0.035ರಿಂದ 0.040, ಎಕ್ಸ್‌ಪಿಎಸ್ ಬೋರ್ಡಿನದು (ಒತ್ತಿ ತಯಾರಿಸಿದ ಗಟ್ಟಿ ಪಾಲಿಸ್ಟೈರೀನ್ ಫೋಮ್) 0.033ರ ಆಸುಪಾಸು, ಪಿಐಆರ್ ಬೋರ್ಡು (ಗಟ್ಟಿ ಪ್ಲಾಸ್ಟಿಕ್ ಫೋಮ್) 0.022ರಿಂದ 0.028, ರಾಕ್‌ವೂಲ್ (ಕಲ್ಲು ಕರಗಿಸಿ ಎಳೆದ ಉಣ್ಣೆ) 0.035ರಿಂದ 0.040.

ಒಂದು ಉದಾಹರಣೆ ಹಿಡಿಯೋಣ. 150 ಮಿ.ಮೀ. ಕಾಂಕ್ರೀಟ್ ತಾರಸಿ, ಕೆಳಗಿನ ಗಾರೆ, ಎರಡೂ ಬದಿಯ ಗಾಳಿಪದರ ಎಲ್ಲ ಸೇರಿ ತಡೆ 0.32 ಮಾತ್ರ. 50 ಮಿ.ಮೀ. ಎಕ್ಸ್‌ಪಿಎಸ್ ಹಾಕಿದರೆ 1.84 ಆಗುತ್ತದೆ. ಮೊದಲು 100 ಪಾಲು ಬಿಸಿ ಇಳಿಯುತ್ತಿದ್ದಲ್ಲಿ ಈಗ ಸುಮಾರು 17 ಪಾಲು. ಇನ್ನೂ 50 ಮಿ.ಮೀ. ಸೇರಿಸಿದರೆ 17 ಇದ್ದದ್ದು ಸುಮಾರು 10ಕ್ಕೆ ಇಳಿಯುತ್ತದೆ, ಅಷ್ಟೇ. ಬೆಚ್ಚಗಿನ ಕರಾವಳಿಯಲ್ಲಿ ಮೊದಲ 50 ಮಿ.ಮೀ. ಮಾಡುವ ಕೆಲಸವೇ ಕೆಲಸ. ಮಿಕ್ಕ ಹಣವನ್ನು ಜಲನಿರೋಧಕ್ಕೆ, ಒಳ್ಳೆಯ ಸ್ಕ್ರೂಗಳಿಗೆ ಹಾಕುವುದು ಜಾಣತನ.

ಸ್ಕ್ರೂ ಎಂದಾಗ: ಕಡಲ ಬದಿಯಲ್ಲಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತೆಗೆದುಕೊಳ್ಳಿ. ಅದರಲ್ಲಿರುವ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಉಪ್ಪಿನ ಹೊಡೆತ ತಡೆಯುತ್ತದೆ. 304 ದರ್ಜೆಯದಕ್ಕೆ ಚಹಾ ಬಣ್ಣದ ಕಲೆ ಬೀಳುತ್ತದೆ. ಹೊಳೆಯುವ ತೆಳು ಸತುವಿನ ಲೇಪದ ಸ್ಕ್ರೂ ಬೇಗನೆ ತುಕ್ಕು ಹಿಡಿಯುತ್ತದೆ. ಸತು ಲೇಪನದ್ದೇ ಬೇಕಾದರೆ ಕಾದ ಸತುವಿನಲ್ಲಿ ಅದ್ದಿ ತೆಗೆದದ್ದೇ ಆಗಬೇಕು.

ಹಂಚಿನ ಮಾಡು

ಹಂಚಿನ ಮನೆಯ ಸೆಕೆಯಲ್ಲಿ ದೊಡ್ಡ ಪಾಲು ಕಾದ ಹಂಚಿನ ಅಡಿಮೈಯಿಂದ ನೇರ ಕೆಳಗೆ ಸೂಸುವ ಬಿಸಿ. ಇದನ್ನು ತಡೆಯಲು ದಪ್ಪ ಉಣ್ಣೆಗಿಂತ ಹೊಳಪಿನ ಅಲ್ಯುಮಿನಿಯಂ ಫಾಯಿಲ್ ಶೀಟು ಹೆಚ್ಚು ಉಪಯುಕ್ತ, ಆದರೆ ಒಂದು ಷರತ್ತು: ಹೊಳೆಯುವ ಮೈಯ ಎದುರು ಕನಿಷ್ಠ 25 ಮಿ.ಮೀ. ಖಾಲಿ ಜಾಗ ಇರಬೇಕು. ಫಾಯಿಲ್ ಹಂಚಿಗೋ ಹಲಗೆಗೋ ತಾಗಿ ಕೂತರೆ ಅದು ಬರೀ ಲೋಹದ ಹಾಳೆ, ಬಿಸಿಯನ್ನು ದಾಟಿಸುತ್ತದೆ. ಒಂದೇ ಬದಿ ಹೊಳಪಿದ್ದರೆ ಅದನ್ನು ಕೆಳಮುಖವಾಗಿ ಇಡಿ. ಮೇಲ್ಮುಖದ ಹೊಳಪಿನ ಮೇಲೆ ಧೂಳು ಕೂತೊಡನೆ ಕೆಲಸ ಕುಗ್ಗುತ್ತದೆ. ಬರಿಯ ಅಲ್ಯುಮಿನಿಯಂ ಉಪ್ಪಿಗೆ ತೂತು ಬೀಳುತ್ತದೆ, ಆದ್ದರಿಂದ ನೇಯ್ದ ಪ್ಲಾಸ್ಟಿಕ್ಕಿಗೆ ಅಂಟಿಸಿ ಮೇಲೆ ರಕ್ಷಣಾ ಲೇಪ ಕೊಟ್ಟದ್ದನ್ನು ಕೇಳಿ ಪಡೆಯಿರಿ. ಹಸಿ ಸಿಮೆಂಟ್ ತಾಗಿದರೂ ಅಲ್ಯುಮಿನಿಯಂ ಕೊರೆದುಹೋಗುತ್ತದೆ. ನೆತ್ತಿಯ ಹಂಚು ಕೂರಿಸುವ ಗಾರೆ ಅದರ ಮೇಲೆ ಬೀಳದಂತೆ ನೋಡಿಕೊಳ್ಳಿ.

ಹಂಚು ಇಳಿಸಿ ಮಾಡುವ ಕ್ರಮವೇ ಉತ್ತಮ:

1. ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಫಾಯಿಲ್ ವಿದ್ಯುತ್ ಹರಿಸುತ್ತದೆ, ಅದಕ್ಕೆ ಹೊಡೆಯುವ ಸ್ಟೇಪಲ್ ವೈರಿನೊಳಗೆ ಇಳಿಯಬಹುದು. ಆಸ್ಟ್ರೇಲಿಯಾದಲ್ಲಿ 2009–10ರ ಸರ್ಕಾರಿ ಮನೆ ಇನ್ಸುಲೇಷನ್ ಯೋಜನೆಯಲ್ಲಿ ನಾಲ್ವರು ಯುವ ಕೆಲಸಗಾರರು ಸತ್ತರು: ಮೂವರು ವಿದ್ಯುತ್ ತಗುಲಿ, ಒಬ್ಬರು ವಿಪರೀತ ಸೆಕೆಯಿಂದ. ಅಟ್ಟದ ಕೆಲಸ ಬೆಳಗ್ಗೆಯೇ ಮುಗಿಯಲಿ.

2. ನೆತ್ತಿಯಿಂದ ಕೆಳಕ್ಕೆ ಹಂಚು ಇಳಿಸಿ. ಒಂದು ದಿನದಲ್ಲಿ ಮತ್ತೆ ಮುಚ್ಚಬಹುದಾದಷ್ಟು ಅಗಲ ಮಾತ್ರ ಬಿಚ್ಚಿ, ಪಕ್ಕದಲ್ಲೇ ಟಾರ್ಪಾಲು ಇರಲಿ. ಒಡೆಯುವ ಲೆಕ್ಕಕ್ಕೆ ಶೇ. 10ರಷ್ಟು ಹಂಚು ಹೆಚ್ಚಿಗೆ ತರಿಸಿಡಿ. ಹಳೆಯ ಅಚ್ಚಿನ ಹಂಚು ಹೊಸದರ ಜತೆ ಕೂರದಿರಬಹುದು, ಮೊದಲೇ ನಾಲ್ಕನ್ನು ಜೋಡಿಸಿ ನೋಡಿ.

3. ಹಳೆಯ ರೀಪು (ಹಂಚು ಕೂರುವ ಅಡ್ಡ ಪಟ್ಟಿ) ತೆಗೆದು, ಪಕ್ಕಾಸು ಕೆರೆದು ಒಣಗಿಸಿ, ಹುಳು, ಶಿಲೀಂಧ್ರ ತಡೆಯುವ ಬೋರೇಟ್ ದ್ರಾವಣ ಎರಡು ಸಲ ಬಳಿಯಿರಿ. ಬೋರೇಟ್ ಮಳೆಗೆ ಕರಗಿಹೋಗುವುದರಿಂದ ಸೂರಿನಿಂದ ಹೊರಚಾಚಿದ ತುದಿಗಳಿಗೆ ಎಣ್ಣೆ ಬಣ್ಣ ಬೇಕು.

4. ಸೂರಿನಿಂದ ಶುರುಮಾಡಿ ಅಡ್ಡಡ್ಡಲಾಗಿ ಶೀಟು ಹಾಸಿ, ಮೇಲಿನ ಸಾಲು ಕೆಳಗಿನದರ ಮೇಲೆ 150 ಮಿ.ಮೀ. ಬರಲಿ. ಮೊದಲ ಸಾಲಿನ ಕೆಳ ಅಂಚು ಗಟರಿನೊಳಗೆ ಇಳಿದಿರಬೇಕು. ಗೋಡೆಯ ಮೇಲೆಯೇ ಕತ್ತರಿಸಿ ನಿಲ್ಲಿಸಿದರೆ ಹಂಚಿನಿಂದ ಸೋರಿದ ನೀರೆಲ್ಲ ಗೋಡೆಯ ನೆತ್ತಿಗೇ ಇಳಿಯುತ್ತದೆ, ಈ ಕೆಲಸದಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ.

5. ಶೀಟಿನ ಮೇಲೆ, ಪ್ರತಿ ಪಕ್ಕಾಸಿನ ಉದ್ದಕ್ಕೂ 38 ಮಿ.ಮೀ. ದಪ್ಪದ ಪಟ್ಟಿ ಹೊಡೆಯಿರಿ. ಅದರ ಮೇಲೆ ಅಡ್ಡ ರೀಪು, ರೀಪಿನ ಮೇಲೆ ಹಂಚು. ಉದ್ದ ಪಟ್ಟಿ ಬಿಟ್ಟು ಶೀಟಿಗೆ ನೇರವಾಗಿ ಅಡ್ಡ ರೀಪು ಹೊಡೆದರೆ ಪ್ರತಿ ರೀಪೂ ಒಂದೊಂದು ಅಣೆಕಟ್ಟು. ನೀರು, ಎಲೆ, ಉಪ್ಪು ಅಲ್ಲೇ ನಿಂತು ರೀಪು ಕೊಳೆಯುತ್ತದೆ.

6. ಸೂರಿನಲ್ಲೂ ನೆತ್ತಿಯಲ್ಲೂ ಗಾಳಿಯ ದಾರಿ ತೆರೆದಿಟ್ಟು 316 ಸ್ಟೀಲಿನ ಜಾಲರಿ ಕೂರಿಸಿ. ಅಂಚಿನ ಸಾಲು ಮತ್ತು ನೆತ್ತಿಯ ಪಕ್ಕದ ಹಂಚುಗಳನ್ನೆಲ್ಲ ಸ್ಟೇನ್‌ಲೆಸ್ ತಂತಿಯಿಂದ ರೀಪಿಗೆ ಕಟ್ಟಿ, ಬಿರುಗಾಳಿ ಮೊದಲು ಎತ್ತುವುದು ಅವನ್ನೇ.

ಸಾಮಗ್ರಿಯ ಲೆಕ್ಕ ಹೀಗೆ. ಮಾಡಿನ ಒಂದೊಂದು ಇಳಿಜಾರು 10 ಮೀ. ಅಗಲ, 5 ಮೀ. ಇಳಿಉದ್ದ ಎಂದುಕೊಳ್ಳಿ. 1.2 ಮೀ. ಅಗಲದ ರೋಲಿನಲ್ಲಿ ಹೊಂದಿಕೆ ಕಳೆದು ಉಳಿಯುವುದು 1.05 ಮೀ., ಹಾಗಾಗಿ ಐದು ಸಾಲು. ಎರಡು ಇಳಿಜಾರಿಗೆ 120 ಚ.ಮೀ. ಶೀಟು, ಅಂಚಿನ ಹೊಂದಿಕೆಗೆ ಇನ್ನೊಂದಿಷ್ಟು. ಪಕ್ಕಾಸು ಅರ್ಧ ಮೀಟರಿಗೊಂದರಂತೆ ಒಂದು ಬದಿಗೆ 21, ಅಂದರೆ ಉದ್ದ ಪಟ್ಟಿ ಒಟ್ಟು 210 ಮೀ. 300 ಮಿ.ಮೀ.ಗೊಂದು ಸ್ಕ್ರೂ ಎಂದರೆ ಸುಮಾರು 760. ಸ್ಕ್ರೂ 80 ಮಿ.ಮೀ. ಉದ್ದದ್ದು, ಪಕ್ಕಾಸಿನೊಳಗೆ 40 ಮಿ.ಮೀ. ಇಳಿಯಲಿ. ಹಳೆಯ ಗಟ್ಟಿ ಮರಕ್ಕೆ ಮೊದಲೇ ರಂಧ್ರ ಕೊರೆಯದಿದ್ದರೆ ಸ್ಟೇನ್‌ಲೆಸ್ ಸ್ಕ್ರೂವಿನ ತಲೆ ಮುರಿಯುತ್ತದೆ. ಮಾಡಿನ ಮಟ್ಟ 40 ಮಿ.ಮೀ.ನಷ್ಟು ಏರುವುದರಿಂದ ಗೋಡೆಗೆ ತಾಗುವ ಕಡೆಯ ತಗಡು, ಗಟರು ಎರಡನ್ನೂ ಹೊಸ ಎತ್ತರಕ್ಕೆ ಹೊಂದಿಸಬೇಕಾಗುತ್ತದೆ.

ಹಂಚು ಇಳಿಸಲು ಆಗದಿದ್ದರೆ ಪಕ್ಕಾಸಿನ ಅಡಿಯಿಂದ ಫಾಯಿಲ್ ಬಿಗಿಯಬಹುದು. ಅದೂ ಇಳಿಜಾರಾಗಿ ಸೂರಿನ ಹೊರಗೆ ನೀರು ಬಿಡುವಂತಿರಲಿ. ಕೆಳಗೆ ಶೀಟಿಲ್ಲದ ಬರಿಯ ಹಂಚಿನ ಅಡಿ ರಾಕ್‌ವೂಲ್ ಹಾಸುವುದು ಬೇಡವೇ ಬೇಡ. ಗಾಳಿಮಳೆಯಲ್ಲಿ ಹಂಚಿನ ಸಂದಿನಿಂದ ಬರುವ ತುಂತುರನ್ನು ಅದು ಹೀರಿ ಕುಗ್ಗುತ್ತದೆ, ಕೆಳಗಿನ ಮುಚ್ಚಿಗೆಯನ್ನೂ ಕೆಡಿಸುತ್ತದೆ.

ಹಂಚಿನ ಮಾಡಿನ ಕೆಳಗೆ ಎ.ಸಿ. ಕೋಣೆ ಬೇಕಾದರೆ ಫಾಯಿಲಷ್ಟೇ ಸಾಲದು. ಸೀಲಿಂಗ್‌ಗೆ ಜಿಪ್ಸಮ್ ಬದಲು ಕ್ಯಾಲ್ಸಿಯಂ ಸಿಲಿಕೇಟ್ ಅಥವಾ ಸಿಮೆಂಟ್ ಫೈಬರ್ ಬೋರ್ಡು ಹಾಕಿ. ತೇವದಲ್ಲಿ ಜಿಪ್ಸಮ್ ಜೋಲುತ್ತದೆ. ಮೇಲೆ ಫಾಯಿಲ್ ಮುಖದ 50 ಮಿ.ಮೀ. ಪಿಐಆರ್, ಜೋಡಣೆಗಳಿಗೆಲ್ಲ ಫಾಯಿಲ್ ಟೇಪು. ರಾಕ್‌ವೂಲ್ ಹಾಸುವುದಾದರೆ ಫಾಯಿಲ್ ಅಂಟಿಸಿದ ಮುಖ ಮೇಲಕ್ಕೆ. ಚಳಿದೇಶದ ಸೂಚನೆ ಓದಿ ಕೆಳಕ್ಕೆ ಇಟ್ಟರೆ ಅಟ್ಟದ ತೇವಗಾಳಿ ಉಣ್ಣೆ ದಾಟಿ ಬಂದು ತಣ್ಣಗಿನ ಫಾಯಿಲ್ ಮೇಲೆ ನೀರಾಗಿ ನಿಲ್ಲುತ್ತದೆ. ಅಟ್ಟದ ಗಾಳಿಗೆ ಸೀಲಿಂಗಿನ ವಿಸ್ತೀರ್ಣದ 150ರಲ್ಲಿ ಒಂದು ಪಾಲು ತೆರಪು ಎಂಬುದು ಹಳೆಯ ಲೆಕ್ಕ: 60 ಚ.ಮೀ.ಗೆ 0.4 ಚ.ಮೀ., ಅರ್ಧ ಸೂರಿನಲ್ಲಿ, ಅರ್ಧ ನೆತ್ತಿಯಲ್ಲಿ. ಸೊಳ್ಳೆ ಜಾಲರಿ ತೆರಪಿನ ಅರ್ಧವನ್ನೇ ನುಂಗಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಾಂಕ್ರೀಟ್ ತಾರಸಿ

ಹಳೆಯ ತಾರಸಿಯಾದರೆ ಮೊದಲು ಕೆಳಗಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಬಂದಲ್ಲಿ ಕಂಬಿ ತುಕ್ಕು ಹಿಡಿದು ಉಬ್ಬಿದೆ. ಅದನ್ನು ಮುಚ್ಚಿ ಮೇಲೆ ಭಾರ ಹೇರುವಂತಿಲ್ಲ. 50 ಮಿ.ಮೀ. ಸಿಮೆಂಟ್ ಹಾಸು ಚ.ಮೀ.ಗೆ 110ರಿಂದ 120 ಕೆ.ಜಿ. ತೂಗುತ್ತದೆ, ಇದನ್ನು ಹೊರಬಲ್ಲದೆ ಎಂದು ಹೇಳಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರ್, ಗಾರೆಯವರಲ್ಲ. ಹೊರಲಾರದು ಎಂದಾದರೆ ಬಿಳಿ ಪ್ರತಿಫಲನ ಲೇಪ ಬಳಿದು ಅಲ್ಲಿಗೇ ನಿಲ್ಲಿಸಿ. ಪಾಚಿ, ಧೂಳು ಕಟ್ಟಿದರೆ ಲೇಪದ ಗುಣ ಕುಸಿಯುತ್ತದೆ, ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ತೊಳೆಯಬೇಕು.

ಹೊರಬಲ್ಲದು ಎಂದಾದರೆ ಕೆಳಗಿನಿಂದ ಮೇಲಕ್ಕೆ ಪದರಗಳು ಹೀಗೆ: 80ಕ್ಕೆ 1ರ ಇಳಿಜಾರು, ಜಲನಿರೋಧ ಪದರ, 50 ಮಿ.ಮೀ. ಎಕ್ಸ್‌ಪಿಎಸ್, ಜಿಯೋಟೆಕ್ಸ್‌ಟೈಲ್ (ನೀರು ಸೋಸಿ ಬಿಡುವ ಸಿಂಥೆಟಿಕ್) ಬಟ್ಟೆ, ಸಿಮೆಂಟ್ ಹಾಸು, ಬಿಳಿ ಹೆಂಚು. ಜಲನಿರೋಧ ಪದರ ಕೈಪಿಡಿ ಗೋಡೆಯ ಮೇಲೆ ಮುಗಿದ ನೆಲದಿಂದ 150 ಮಿ.ಮೀ. ಏರಿರಬೇಕು. ಎಕ್ಸ್‌ಪಿಎಸ್ ಹಾಸುವ ಮೊದಲು ನೀರಿನ ಕೊಳವೆ ಮುಚ್ಚಿ, 25ರಿಂದ 50 ಮಿ.ಮೀ. ನೀರು ನಿಲ್ಲಿಸಿ, 48 ಗಂಟೆ ಕಾಯಿರಿ. ಎಲ್ಲ ಹಾಸಿದ ಮೇಲೆ ಸೋರಿದರೆ ತೂತು ಹುಡುಕುವುದು ಅಸಾಧ್ಯದ ಮಾತು. ಈ ಕ್ರಮದಲ್ಲಿ ಬೋರ್ಡು ಸದಾ ನೀರಿಗೆ ತೆರೆದಿರುವುದರಿಂದ ಥರ್ಮಾಕೋಲ್ ಆಗದು, ಅದು ನೀರು ಕುಡಿಯುತ್ತದೆ. ಸಿಮೆಂಟ್ ಹಾಸನ್ನು ಎರಡು ಮೂರು ಮೀಟರಿಗೊಂದರಂತೆ ಚೌಕಗಳಾಗಿ ಬಿಡಿಸಿ, ಸಂದಿಗೆ ಹಿಗ್ಗುವ ಸೀಲೆಂಟ್ ತುಂಬಿ. ಕೆಳಗೆ ಇನ್ಸುಲೇಷನ್ ಇರುವುದರಿಂದ ಅದರ ಬಿಸಿ ಕೆಳಗಿಳಿಯದೆ, ಅದು ಹೆಚ್ಚು ಹಿಗ್ಗುತ್ತದೆ.

ಸಂದು, ಕಿಟಕಿ

ಸಂದು ಮುಚ್ಚುವುದು ಎ.ಸಿ. ಕೋಣೆಯಲ್ಲಿ ಮಾತ್ರ. ಫ್ಯಾನ್ ಆಫ್ ಮಾಡಿ, ಊದುಬತ್ತಿ ಹಚ್ಚಿ ಬಾಗಿಲ ಚೌಕಟ್ಟು, ಸ್ವಿಚ್ ಬೋರ್ಡು, ಗೋಡೆ ಮತ್ತು ಸೀಲಿಂಗ್ ಸೇರುವ ಕಡೆ ಹಿಡಿಯಿರಿ. ಹೊಗೆ ಓಲಾಡಿದಲ್ಲಿ ಸಂದಿದೆ. ಬಾಗಿಲಿಗೆ ಇಪಿಡಿಎಂ ರಬ್ಬರ್ ಅಥವಾ ಸಿಲಿಕೋನ್ ಪಟ್ಟಿ, ಅಗ್ಗದ ಫೋಮ್ ಪಟ್ಟಿ ಕುಗ್ಗಿ ಹೋಗುತ್ತದೆ. ಗ್ಯಾಸ್ ಒಲೆ, ಗ್ಯಾಸ್ ಗೀಸರ್ ಇರುವ ಜಾಗ ಮುಚ್ಚಬಾರದು. ಕಿಟಕಿಗೆ ಒಳಪರದೆಗಿಂತ ಹೊರಗಿನ ನೆರಳು ಮೇಲು, ಗಾಜು ದಾಟಿ ಬಂದ ಬಿಸಿಲು ಆಗಲೇ ಕೋಣೆಯೊಳಗಿನ ಬಿಸಿ.

ಗೋಡೆ, ಕೊನೆಗೆ

ಹಳೆಯ ದಪ್ಪ ಗೋಡೆಗೆ ಇನ್ಸುಲೇಷನ್ ಹಾಕದೆ ಬಿಟ್ಟರೂ ನಷ್ಟ ಕಡಿಮೆ. ಪಶ್ಚಿಮದ ಗೋಡೆ ಮಾತ್ರ ತೊಂದರೆ ಕೊಡುತ್ತದೆ. ಅದಕ್ಕೆ 50ರಿಂದ 100 ಮಿ.ಮೀ. ದೂರದಲ್ಲಿ ಮರದ ಪಟ್ಟಿ ಅಥವಾ ಫೈಬರ್ ಬೋರ್ಡಿನ ತಡಿಕೆ ನಿಲ್ಲಿಸಿ, ಮೇಲೆ ಕೆಳಗೆ ತೆರೆದಿಟ್ಟರೆ ಗೋಡೆಗೆ ನೆರಳೂ ಸಿಗುತ್ತದೆ, ಆರಲು ಗಾಳಿಯೂ ಸಿಗುತ್ತದೆ.

ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಗಿಲಾವು, ಅದರ ಮೇಲೆ ಪ್ಲಾಸ್ಟಿಕ್ ಪೇಂಟು: ಇದರಷ್ಟು ಹಳೆ ಮನೆ ಕೆಡಿಸುವ ಜೋಡಿ ಇನ್ನೊಂದಿಲ್ಲ. ಒಳಗಿನ ತೇವ ಹೊರಬರಲಾರದೆ ಇನ್ನೂ ಎತ್ತರಕ್ಕೆ ಏರುತ್ತದೆ. ಕೆಟ್ಟ ಗಾರೆಯನ್ನು ಒದ್ದೆ ಗೆರೆಯಿಂದ ಅರ್ಧ ಮೀಟರ್ ಮೇಲಿನವರೆಗೂ ಕೆತ್ತಿ ತೆಗೆದು, ಒಂದು ಬೇಸಿಗೆ ಗೋಡೆಯನ್ನು ಬರಿಮೈಯಲ್ಲಿ ಒಣಗಲು ಬಿಡಿ. ಆಮೇಲೆ ನೀರಿನಲ್ಲಿ ಗಟ್ಟಿಯಾಗುವ ಎನ್‌ಎಚ್‌ಎಲ್ 3.5 ಸುಣ್ಣ ಒಂದು ಪಾಲು, ತೊಳೆದ ಚೂಪು ಮರಳು ಮೂರು ಪಾಲು. ಒಂದೊಂದು ಪದರ 10 ಮಿ.ಮೀ. ಮೀರದಿರಲಿ, ಮೊದಲ ಕೆಲವು ದಿನ ಬಿಸಿಲಿಗೆ ಗೋಣಿತಟ್ಟು ಕಟ್ಟಿ ಹದವಾಗಿ ತೇವವಿಡಿ. ಮೇಲೆ ಸುಣ್ಣದ ಅಥವಾ ಸಿಲಿಕೇಟ್ ಬಣ್ಣ.

ಎ.ಸಿ. ಕೋಣೆಯ ಗೋಡೆಗೆ ಬೋರ್ಡು ಹಾಕಲೇಬೇಕಾದರೆ ಹೊರಬದಿಗೆ ಹಾಕಿ, ನೆಲದಿಂದ 150 ಮಿ.ಮೀ. ಮೇಲಿನಿಂದ ಶುರುಮಾಡಿ. ಗೆದ್ದಲು ಫೋಮನ್ನು ತಿನ್ನುವುದಿಲ್ಲ, ಆದರೆ ಅದರೊಳಗೆ ದಾರಿ ಕೊರೆಯುತ್ತದೆ. ಬುಡದ ಆ ಪಟ್ಟಿ ಬರಿದಾಗಿದ್ದರೆ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ಚಳಿಯ ಕರಾವಳಿಯಲ್ಲಿ ಬೆಚ್ಚಗಿನ ಬದಿ ಒಳಗಿರುವುದರಿಂದ ಆವಿ ತಡೆಯೂ ಒಳಬದಿಗೆ ಬರುತ್ತದೆ. ಹಳೆಯ ಕಲ್ಲುಗೋಡೆಗೆ ಅಲ್ಲಿ 30ರಿಂದ 50 ಮಿ.ಮೀ. ಕ್ಯಾಲ್ಸಿಯಂ ಸಿಲಿಕೇಟ್ ಇನ್ಸುಲೇಷನ್ ಬೋರ್ಡನ್ನು ಹಿಂದೆ ಪೊಳ್ಳು ಬಿಡದೆ, ಪೂರ್ತಿ ಅಂಟು ಹಚ್ಚಿ ಕೂರಿಸುತ್ತಾರೆ. ಪೊಳ್ಳು ಉಳಿದಲ್ಲಿ ಬೂಷ್ಟು ಹಿಡಿಯುತ್ತದೆ.

ಮುಗಿದ ಮೇಲೆ ನೋಡಬೇಕಾದ್ದು

ಸುಡುಬಿಸಿಲಿನ ಮಧ್ಯಾಹ್ನ ಸೀಲಿಂಗಿನ ಉಷ್ಣತೆಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಅಳೆಯಿರಿ. ಫಾಯಿಲನ್ನು ನೇರ ಅಳೆದರೆ ಉಪಕರಣ ಮೋಸಹೋಗಿ ತಪ್ಪು ಅಂಕಿ ಕೊಡುತ್ತದೆ. ಒಂದು ತುಂಡು ಮಾಸ್ಕಿಂಗ್ ಟೇಪು ಅಂಟಿಸಿ ಅದರ ಮೇಲೆ ಗುರಿಯಿಡಿ. ಎ.ಸಿ. ಕೋಣೆಯ ಆರ್ದ್ರತೆ ಶೇ. 60ರ ಒಳಗಿರಲಿ. ಕೋಣೆ ಬೇಗ ತಣ್ಣಗಾಗಿ ಎ.ಸಿ. ಪದೇಪದೇ ನಿಲ್ಲುತ್ತಿದ್ದು ಆರ್ದ್ರತೆ ಮಾತ್ರ ಇಳಿಯದಿದ್ದರೆ, ಹಳೆಯ ಸೆಕೆಯ ಲೆಕ್ಕಕ್ಕೆ ಕೊಂಡ ಯಂತ್ರ ಈಗ ದೊಡ್ಡದಾಗಿದೆ ಎಂದರ್ಥ. ಮುಂದಿನ ಸಲ ಸಣ್ಣದು ಸಾಕು.

ಮೊದಲ ಮಳೆಗಾಲದ ನಡುವೆ ಒಮ್ಮೆ, ಮುಗಿದು ಎರಡು ತಿಂಗಳಿಗೆ ಇನ್ನೊಮ್ಮೆ, ಅದೇ ಪಕ್ಕಾಸಿನ ಅದೇ ಜಾಗದಲ್ಲಿ ತೇವಮಾಪಕ ಚುಚ್ಚಿ ಅಂಕಿಯನ್ನು ಮರದ ಮೇಲೇ ದಿನಾಂಕದ ಸಮೇತ ಪೆನ್ಸಿಲಿನಲ್ಲಿ ಬರೆದಿಡಿ. ಎರಡನೆಯ ಅಂಕಿ ಶೇ. 18ಕ್ಕೆ ಇಳಿಯದಿದ್ದರೆ ಸೂರಿನ ಜಾಲರಿ ಕಟ್ಟಿಕೊಂಡಿದೆಯೇ, ಶೀಟಿನ ಅಂಚು ಗಟರಿನಿಂದ ಹೊರಬಿದ್ದಿದೆಯೇ ಎಂದು ಮೊದಲು ನೋಡಿ. ಎರಡೂ ಸರಿಯಿದ್ದರೆ ಆ ಜಾಗದ ನಾಲ್ಕು ಹಂಚು ಎತ್ತಲೇಬೇಕು.